ಮೇಲಿನ ಸಾಲು

ಬೆಂಗಳೂರು
9 ಜೂನ್ 2024

ಪ್ರೀತಿಯ ವರಲಕ್ಷ್ಮಿ,

ಕೈಬರಹ ನೋಡಿ ಗುರುತು ಹತ್ತಿತೋ ಇಲ್ಲವೋ. ತೊಂಡೇಬಾವಿಯ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ನೋಟ್ಸ್ ನಕಲು ಮಾಡುತ್ತಿದ್ದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ಕಾಗದ ಯಾಕೆಂದರೆ, ಎರಡು ತಿಂಗಳು ಬಾಯಿ ಮುಚ್ಚಿಕೊಂಡಿರಬೇಕೆಂದು ಡಾಕ್ಟರು ಹೇಳಿದ್ದಾರೆ. ಗಂಟಲಿಗೆ ಆಯಾಸವಂತೆ, ಅಷ್ಟೇ. ಮೆಸೇಜು ಮಾಡೋಣವೆಂದರೆ ನನ್ನ ಫೋನು ನನಗಿಂತ ಹೆಚ್ಚು ಹೊತ್ತು ಮ್ಯಾನೇಜರ್ ಮುರಳಿಮೋಹನ್ ಕೈಯಲ್ಲಿರುತ್ತದೆ.

ವಿಷಯ ನಿನಗೆ ಗೊತ್ತೇ ಆಗಿರುತ್ತದೆ. ಕಪ್ಪು ಸಮುದ್ರದ ದಂಡೆಯ ಆ ಊರಿನ ಸ್ಪರ್ಧೆಯಲ್ಲಿ ಇಪ್ಪತ್ತೆರಡು ದೇಶಗಳ ಹಾಡುಗಾರರಿದ್ದರು. ಎರಡು ವರ್ಷದ ಹಿಂದೆ ಕಜಕಸ್ತಾನದಲ್ಲಿ ಮೊದಲ ಸುತ್ತಿನಲ್ಲೇ ನನ್ನನ್ನು ವಾಪಸ್ಸು ಕಳಿಸಿದ್ದರು. ಹೋದ ವರ್ಷ ಕೊಲಂಬೊದಲ್ಲಿ ಎಂಟನೆಯವಳಾದೆ. ಈ ಸಲ ಎರಡನೆಯ ಸ್ಥಾನ. ಕನ್ನಡದ ಪಾಪ್ ಹಾಡೊಂದನ್ನು ಅಲ್ಲಿ ಯಾರೂ ಕೇಳಿದವರೇ ಇರಲಿಲ್ಲ. ಅರ್ಥ ಗೊತ್ತಿಲ್ಲದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಡಿಸೆಂಬರಿನಲ್ಲಿ ನೀನು ರೇಷ್ಮೆ ಹುಳುಮನೆ ಕೆಲಸ ಬಿಟ್ಟು ಚಿಕ್ಕಬಳ್ಳಾಪುರದ ಸ್ಟುಡಿಯೋಗೆ ಬಂದು, ‘ಕೂಗಳತೆ ದೂರದಲ್ಲೇ ಇದ್ದೀನಿ’ ಎಂಬ, ದನಿ ಮೇಲಕ್ಕೆ ಹತ್ತಬೇಕಾದ ಆ ಮೇಲಿನ ಸಾಲನ್ನು ಹಾಡಿ ತೋರಿಸಿದ್ದೆಯಲ್ಲ, ಅದನ್ನು ಕೇಳಿಕೇಳಿಯೇ ನಾನು ಅಭ್ಯಾಸ ಮಾಡಿದ್ದು. ಅದಕ್ಕೆ ಥ್ಯಾಂಕ್ಸ್ ಹೇಳಬೇಕೆನ್ನಿಸಿತು.

ನಿಮ್ಮತ್ತೆ ಗಂಗುಲಮ್ಮನವರಿಗೆ ನಮಸ್ಕಾರ ಹೇಳು. ನಿಮ್ಮ ಯಜಮಾನರು ರವಿಚಂದ್ರ ಅವರಿಗೂ.

ನಿನ್ನ
ಹರಿತಾ


ಶಿಡ್ಲಘಟ್ಟ
20 ಜೂನ್ 2024

ಹರಿತಾ,

ನಿನ್ನ ಕಾಗದ ಬಂದು ವಾರವಾಯಿತು. ಹುಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವು ಸೊಪ್ಪು ತಿನ್ನುವುದನ್ನು ನೋಡಿದರೆ ನಮಗೆ ಊಟ ಮಾಡಲೂ ಬಿಡುವಿಲ್ಲ ಅನ್ನಿಸುತ್ತದೆ. ಅದಕ್ಕೇ ತಡವಾಯಿತು.

ನೀನು ಗೆದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತು. ಗೂಡಿನ ಮಾರುಕಟ್ಟೆಯಲ್ಲಿ ಯಾರದೋ ಫೋನಿನಲ್ಲಿ ನೋಡಿ ಇವರು ಮನೆಗೆ ಬಂದು ಹೇಳಿದರು. ಆಮೇಲೆ ನಮ್ಮ ಫೋನಿನಲ್ಲಿ ಎಲ್ಲರೂ ಸೇರಿ ನೋಡಿದೆವು. ಹಸಿರು ಬಟ್ಟೆ ನಿನಗೆ ಚೆನ್ನಾಗಿ ಒಪ್ಪುತ್ತದೆ.

ಮೇಲಿನ ಸಾಲು ಬಂದಾಗ ಒಲೆಯ ಮೇಲೆ ಹಾಲಿದೆ ಎಂದು ನಾನು ಎದ್ದು ಹೋದೆ. ಅಲ್ಲಿಗೂ ಕೇಳಿಸಿತು. ಚೆನ್ನಾಗಿತ್ತು.

ಗಂಟಲು ಜೋಪಾನ. ಬಿಸಿನೀರು ಕುಡಿ.

ವರಲಕ್ಷ್ಮಿ


ಬೆಂಗಳೂರು
8 ಜುಲೈ 2024

ಪ್ರೀತಿಯ ವರಲಕ್ಷ್ಮಿ,

ಇಪ್ಪತ್ತೊಂದನೇ ತಾರೀಖು ಭಾನುವಾರ ಗೌರಿಬಿದನೂರಿನಲ್ಲಿ ನನಗೆ ಸನ್ಮಾನವಂತೆ. ಯುವಕ ಸಂಘದ ರಮೇಶ್‌ಬಾಬು ಮಾಡಿಸುತ್ತಿದ್ದಾರೆ. ಬಸ್ ಸ್ಟ್ಯಾಂಡಿನ ಎದುರು ಎರಡಾಳೆತ್ತರದ ಫ್ಲೆಕ್ಸ್ ಹಾಕಿದ್ದಾರೆಂದು ಅಪ್ಪ ಹೇಳಿದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದರಂತೆ. ನಿನಗೆ ಗೊತ್ತಲ್ಲ, ನಮ್ಮಪ್ಪ ಅಂಥದ್ದೆಲ್ಲ ಮಾಡುವವರಲ್ಲ. ಈಗ ತೊಂಡೇಬಾವಿಯ ಡೇರಿಯಲ್ಲಿ ಬೆಳಗ್ಗೆ ಹಾಲು ಅಳೆಯುವಾಗ ನನ್ನ ಹಾಡನ್ನೇ ಹಾಕಿಕೊಂಡಿರುತ್ತಾರಂತೆ. ಹಾಲು ತಂದವರೆಲ್ಲ ಕೇಳಿಯೇ ಹೋಗಬೇಕು.

ನೀನು ಬರಲೇಬೇಕು. ರವಿಚಂದ್ರ ಅವರನ್ನೂ ಕರೆದುಕೊಂಡು ಬಾ.

ನಿನ್ನ
ಹರಿತಾ


ಬೆಂಗಳೂರು
3 ಆಗಸ್ಟ್ 2024

ವರಲಕ್ಷ್ಮಿ,

ಅವತ್ತು ನೀವು ಬಂದದ್ದನ್ನು ನೋಡಿದೆ. ಮೂರನೇ ಸಾಲಿನಲ್ಲಿ ಕೂತಿದ್ದಿರಿ. ಮುಗಿದ ಮೇಲೆ ಮಾತಾಡಿಸೋಣವೆಂದರೆ ಹೊರಟು ಹೋಗಿದ್ದಿರಿ. ಬಸ್ಸಿಗೆ ಹೊತ್ತಾಗಿತ್ತೇನೋ.

ಹಾಡು ಹಾಡು ಎಂದು ಜನ ಕೂಗಿದಾಗ ಗಂಟಲು ಸರಿಯಿಲ್ಲ ಎಂದೆನಲ್ಲ, ಅದು ನಿಜ. ಬೇರೆಯವರು ಏನಾದರೂ ಅಂದುಕೊಳ್ಳಲಿ, ನೀನು ತಪ್ಪು ತಿಳಿಯಬೇಡ.

ಒಂದು ಸಹಾಯ ಬೇಕಿತ್ತು. ನವೆಂಬರಿನಲ್ಲಿ ಇನ್ನೊಂದು ಸ್ಪರ್ಧೆ ಇದೆ, ಇದಕ್ಕಿಂತ ದೊಡ್ಡದು. ಮುರಳಿಮೋಹನ್ ನನ್ನ ಹೆಸರು ಕೊಟ್ಟಾಗಿದೆ. ಹೊಸ ಹಾಡು ಸಿದ್ಧವಾಗುತ್ತಿದೆ. ಅದರಲ್ಲೂ ಒಂದು ಮೇಲಿನ ಸಾಲಿದೆ, ಹೋದ ಸಲದ್ದಕ್ಕಿಂತ ಉದ್ದ. ಒಂದು ದಿನ ಚಿಕ್ಕಬಳ್ಳಾಪುರದ ಅದೇ ಸ್ಟುಡಿಯೋಗೆ ಬಂದು ಹಾಡಿ ಹೋಗುತ್ತೀಯಾ? ಅಭ್ಯಾಸಕ್ಕೆ.

ಯೋಚಿಸಿ ಬರೆ.

ಹರಿತಾ


ಶಿಡ್ಲಘಟ್ಟ
19 ಆಗಸ್ಟ್ 2024

ಹರಿತಾ,

ಹೋದ ಮಂಗಳವಾರ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವಿತ್ತು. ನಾನೂ ನಮ್ಮತ್ತೆಯೂ ಎದುರುಬದುರು ಕೂತಿದ್ದೆವು. ಇವರು ಫೋನಿನಲ್ಲಿ ನಿನ್ನ ಹಾಡು ಹಾಕಿ ಕಿಟಕಿಯಲ್ಲಿಟ್ಟು ಹೋಗಿದ್ದರು. ಅತ್ತೆಗೆ ಕಣ್ಣು ಮಂಜು. ಹಾಗಾಗಿ ಅವರು ಹಾಡನ್ನು ನೋಡಿರಲಿಲ್ಲ, ಅವತ್ತು ಬರೀ ಕೇಳಿದ್ದು. ಮೇಲಿನ ಸಾಲು ಬಂತು. ಹುಳು ಹಿಡಿದಿದ್ದ ಕೈ ಹಾಗೇ ನಿಲ್ಲಿಸಿದರು.

“ಇದಿ ನೀ ಗೊಂತೇ ಕದಾ” ಎಂದರು. ಮನಸ್ಸು ಕಲಕಿದಾಗ ಅವರಿಗೆ ತೆಲುಗೇ ಬರುವುದು. ಆಮೇಲೆ ಕನ್ನಡದಲ್ಲೂ ಹೇಳಿದರು. “ಇದು ನಿನ್ ದನಿ ಕಣಮ್ಮ. ಸೊಪ್ಪು ಹಾಕ್ತಾ ಹಾಡ್ಕೊಂತೀಯಲ್ಲ, ಹಂಗೇ ಕೊನೇಲಿ ಎಳೀತೀಯ. ಹತ್ತು ವರ್ಷದಿಂದ ಕೇಳ್ತಾ ಇದೀನಿ, ನಂಗೆ ಗೊತ್ತಾಗಲ್ವಾ?”

ನಾನು ಅಲ್ಲ ಅಂದೆ. ಹರಿತಾ ಹಾಡಿದ್ದು, ನಾವಿಬ್ಬರೂ ಒಂದೇ ಕಡೆ ಕಲಿತವರು, ಅದಕ್ಕೇ ಹಾಗೆ ಕೇಳಿಸುತ್ತದೆ ಅಂದೆ. ಅತ್ತೆ ಆಮೇಲೆ ಕೆಲಸ ಮುಂದುವರಿಸಿದರು. ಆ ಮಾತು ಮತ್ತೆ ತೆಗೆದಿಲ್ಲ.

ನಾನು ಅವರಿಗೆ ಇದುವರೆಗೆ ಸುಳ್ಳು ಹೇಳಿರಲಿಲ್ಲ.

ಸ್ಟುಡಿಯೋ ವಿಷಯ ಆಮೇಲೆ ಬರೆಯುತ್ತೇನೆ.

ವರಲಕ್ಷ್ಮಿ


ಬೆಂಗಳೂರು
2 ಸೆಪ್ಟೆಂಬರ್ 2024

ವರಲಕ್ಷ್ಮಿ,

ನಿನಗೆ ಮೊದಲ ದಿನದಿಂದಲೂ ಗೊತ್ತಿತ್ತು. ನೀನು ಹಾಲಿನ ನೆಪ ಹೇಳಿ ಎದ್ದು ಹೋದೆ ಎಂದು ಬರೆದಾಗಲೇ ನನಗೂ ಗೊತ್ತಾಯಿತು. ಆದರೂ ಇನ್ನೊಂದು ಸಲ ಹಾಡಿಕೊಡು ಎಂದು ಕೇಳಿದೆ. ಆ ಕಾಗದ ಬರೆದ ಕೈ ನನ್ನದೇ ಎಂದು ನೆನೆದರೆ ಕೈಯನ್ನು ಎಲ್ಲಾದರೂ ಬಚ್ಚಿಡಬೇಕು ಅನ್ನಿಸುತ್ತದೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಜನವರಿಯಿಂದಲೇ ನನ್ನ ದನಿ ಮೇಲೆ ಹತ್ತುತ್ತಿರಲಿಲ್ಲ. ಗಂಟಲಿನಲ್ಲಿ ಎರಡು ಗಂಟುಗಳಾಗಿವೆ ಎಂದು ಡಾಕ್ಟರು ಹೇಳಿದರು. ಹಾಡುವುದು ನಿಲ್ಲಿಸು ಎಂದರು. ನಿಲ್ಲಿಸಲಿಲ್ಲ. ಮದುವೆ ಮನೆ, ಕಾಲೇಜು ಫಂಕ್ಷನ್ನು, ಯೂಟ್ಯೂಬು ಎಂದು ಎಂಟು ವರ್ಷ ಕಂಡಕಂಡಲ್ಲೆಲ್ಲ ಹಾಡಿ ಅಲ್ಲಿಯವರೆಗೆ ಹತ್ತಿದ್ದೆ. ಈ ವರ್ಷ ಬಿಟ್ಟರೆ ಮತ್ತೆ ಯಾರು ಕರೆಯುತ್ತಾರೆ ಎಂಬ ಭಯ.

ಅಲ್ಲಿನ ನಿಯಮದಂತೆ ವಾದ್ಯ, ಹಿಮ್ಮೇಳ ಎಲ್ಲ ಮೊದಲೇ ರೆಕಾರ್ಡ್ ಮಾಡಿಕೊಂಡು ಹೋಗಬಹುದು. ಮುಖ್ಯ ದನಿ ಮಾತ್ರ ವೇದಿಕೆಯ ಮೇಲೇ ಹಾಡಬೇಕು. ಸ್ಪರ್ಧೆಯ ದಿನ ಬೆಳಗ್ಗೆ ತಾಲೀಮಿನಲ್ಲಿ ಮೇಲಿನ ಸಾಲಿಗೆ ಬಂದಾಗ ನನ್ನ ಬಾಯಿಂದ ಬರೀ ಗಾಳಿ ಬಂತು. ಮುರಳಿಮೋಹನ್ ಲ್ಯಾಪ್‌ಟಾಪ್ ತೆಗೆದು ನೀನು ಹಾಡಿದ್ದನ್ನು ಹುಡುಕಿ, ಹಿಮ್ಮೇಳದ ಜೊತೆ ಸೇರಿಸಿದರು. “ಅಲ್ಲಿ ಬಾಯಿ ಆಡ್ಸು, ಮೈಕು ಸ್ವಲ್ಪ ದೂರ ಹಿಡ್ಕೊ. ನಲವತ್ತು ಸೆಕೆಂಡು ಅಷ್ಟೇ” ಎಂದರು. ನಾನು ಬೇಡ ಎನ್ನಬಹುದಿತ್ತು. ಯಾರೂ ನನ್ನ ಕೈ ಹಿಡಿದು ಎಳೆದಿರಲಿಲ್ಲ. ಉಳಿದ ಹಾಡನ್ನೆಲ್ಲ ನಾನೇ ಹಾಡಿದೆ. ಆ ನಲವತ್ತು ಸೆಕೆಂಡು ನಿನ್ನ ದನಿ ನನ್ನ ಹಿಂದಿನಿಂದ ಬರುತ್ತಿತ್ತು, ನಾನು ಬಾಯಿ ತೆರೆದು ನಿಂತಿದ್ದೆ. ಜನ ಎದ್ದು ನಿಂತದ್ದು ಆಗಲೇ.

ಇದಕ್ಕಿಂತ ನಾಚಿಕೆಯದು ಆಮೇಲೆ ನಡೆಯಿತು. ಲಾಟ್ವಿಯಾ ದೇಶದ ಇಲ್ಜೆ ಎಂಬ ಹಾಡುಗಾರ್ತಿ ಇದ್ದಳು. ನಮಗಿಂತ ಏಳೆಂಟು ವರ್ಷ ದೊಡ್ಡವಳು. ಅವಳಿಗೆ ಮೂರನೆಯ ಸ್ಥಾನ ಬಂತು. ಮಾರನೆಯ ದಿನ ತಿಂಡಿಯ ಹೊತ್ತಿಗೆ ನನ್ನ ಟೇಬಲ್ಲಿಗೆ ಬಂದು ಕೂತಳು. ಅಷ್ಟು ಉದ್ದ ಉಸಿರು ಹಿಡಿಯುವುದಕ್ಕೆ ಒಂಬತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ, ನೀನು ಹೇಗೆ ಮಾಡಿದೆ, ಹೇಳಿಕೊಡು ಎಂದಳು. ನಾನು ಹೇಳಿಕೊಟ್ಟೆ, ವರಲಕ್ಷ್ಮಿ. ಅವಳ ಕೈ ಹಿಡಿದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, ಇಲ್ಲಿಂದ ಹೀಗೆ ಎತ್ತಬೇಕು, ಇಲ್ಲಿ ಹೀಗೆ ಬಿಡಬೇಕು ಎಂದು ಅರ್ಧ ಗಂಟೆ ಹೇಳಿಕೊಟ್ಟೆ. ಅವಳು ಬರೆದುಕೊಂಡಳು. ಹೋದ ತಿಂಗಳು ತಾನು ಹಾಡಿದ್ದನ್ನು ಕಳಿಸಿದ್ದಳು, ಸರಿಯಾಗಿದೆಯಾ ನೋಡು ಎಂದು. ಅದನ್ನು ನಾನು ತೆರೆದೇ ಇಲ್ಲ.

ಏನು ಮಾಡಬೇಕೋ ತಿಳಿಯುತ್ತಿಲ್ಲ. ನೀನು ಬೈದು ಬರೆ. ಏನೂ ಬರೆಯದಿರಬೇಡ.

ಹರಿತಾ


ಶಿಡ್ಲಘಟ್ಟ
6 ಅಕ್ಟೋಬರ್ 2024

ಹರಿತಾ,

ತಿಂಗಳಾಯಿತು. ಮೂರು ಸಲ ಬರೆದು ಹರಿದೆ.

ನಾನು ಸ್ಟುಡಿಯೋಗೆ ಬರುವುದಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನೀನು ನನ್ನ ದನಿ ಹಾಕಿಕೊಂಡದ್ದಕ್ಕೆ ಬಂದ ಸಿಟ್ಟು ಒಂದು ದಿನದ್ದು. ಗೌರಿಬಿದನೂರಿನಲ್ಲಿ ಬಂದ ಸಿಟ್ಟು ಇನ್ನೂ ಹೋಗಿಲ್ಲ. ನಮ್ಮ ತಾಲ್ಲೂಕಿನ ದನಿ ಲೋಕಕ್ಕೆಲ್ಲ ಕೇಳಿಸಿತು ಎಂದು ರಮೇಶ್‌ಬಾಬು ಮೈಕಿನಲ್ಲಿ ಹೇಳಿದಾಗ ನೀನು ನನ್ನ ಕಡೆ ನೋಡಿದೆ. ನೋಡಿ, ಯಾರೋ ಪರಿಚಯವಿಲ್ಲದವರನ್ನು ನೋಡಿದ ಹಾಗೆ ಕಣ್ಣು ಆಚೆ ಸರಿಸಿದೆ. ಕಳ್ಳತನ ಮಾಡಿದವಳು ನೀನು, ತಲೆ ಬಗ್ಗಿಸಿ ಚಪ್ಪಲಿ ನೋಡುತ್ತಾ ಕೂತವಳು ನಾನು. ಇವರು ಯಾಕೆ ಹುಷಾರಿಲ್ಲವಾ ಎಂದು ಕೇಳಿದರು. ಎದ್ದು ಬಂದುಬಿಟ್ಟೆವು.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಮೂರು ಸಲವೂ ಇಲ್ಲಿಗೇ ನಿಲ್ಲಿಸಿ, ಓದಿ, ಹರಿದು ಹಾಕಿದೆ.

ಹಿಪ್ಪುನೇರಳೆ ತೋಟದಲ್ಲಿ ಒಬ್ಬಳೇ ಇರುವಾಗ ನಾನು ಇಯರ್‌ಫೋನ್ ಹಾಕಿಕೊಂಡು ಆ ಸಾಲನ್ನು ಕೇಳುತ್ತೇನೆ. ಅದೊಂದೇ ಸಾಲನ್ನು. ಕೆಳಗೆ ಜನ ಬರೆದಿರುವುದನ್ನೆಲ್ಲ ಓದುತ್ತೇನೆ. ಯಾವ ಭಾಷೆಯೋ, ಓದಲು ಬರದಿದ್ದರೂ ಆ ಹೃದಯದ ಗುರುತುಗಳನ್ನು ನೋಡುತ್ತೇನೆ. ಅವೆಲ್ಲ ನನಗೆ ಎಂದು ಸಂತೋಷಪಡುತ್ತೇನೆ. ಮೈಮೇಲೆ ಬೆಳಕು ಬೀಳದೆ, ಯಾರೂ ನೋಡದೆ, ಸೋಲುವ ಭಯವಿಲ್ಲದೆ ಗೆದ್ದೆನಲ್ಲ ಎಂದು. ನೀನು ನಿಜ ಹೇಳದಿದ್ದರೇ ನನಗೆ ಅನುಕೂಲ.

ನಮ್ಮ ಪಿಯುಸಿ ಮುಗಿದ ವರ್ಷ ಬೆಂಗಳೂರಿನಲ್ಲಿ ಹಾಡಿನ ಆಯ್ಕೆಗೆ ಕರೆದಿದ್ದರಲ್ಲ, ನಮ್ಮಿಬ್ಬರನ್ನೂ. ನೀನು ರೈಲು ಹತ್ತಿದೆ. ನಾನು ತೊಂಡೇಬಾವಿ ಸ್ಟೇಷನ್ನಿನಲ್ಲೇ ಉಳಿದೆ. ನನಗೆ ಜ್ವರ ಎಂದು ನಿನ್ನ ಹತ್ತಿರ ಹೇಳಿದೆ. ಮದುವೆಯಾದ ಮೇಲೆ ಇವರಿಗೆ, ನಮ್ಮಪ್ಪ ಕಳಿಸಲಿಲ್ಲ, ಹೆಣ್ಣುಮಕ್ಕಳಿಗೆ ಹಾಡು ಯಾಕೆ ಎಂದರು ಎಂದು ಹೇಳಿದೆ. ಇಲ್ಲಿ ಎಲ್ಲರೂ ಅದನ್ನೇ ನಂಬಿದ್ದಾರೆ, ಅತ್ತೆಯೂ. ಅವರಿಗೆ ಸುಳ್ಳು ಹೇಳಿರಲಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಪೂರ್ತಿ ನಿಜವಲ್ಲ. ಹಬ್ಬಕ್ಕೆ ಅಪ್ಪ ಬಂದರೆ ಅತ್ತೆ ಅವರನ್ನು ಸ್ವಲ್ಪ ಬಿಗಿಯಾಗಿಯೇ ಮಾತಾಡಿಸುತ್ತಾರೆ. ಯಾಕೆಂದು ಅಪ್ಪನಿಗೆ ಗೊತ್ತಿಲ್ಲ. ಅವತ್ತು ಅಪ್ಪ ಬೇಡ ಅನ್ನಲಿಲ್ಲ, ಹರಿತಾ. ಚಿತ್ರಾನ್ನ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಬಂದಿದ್ದರು. ನನ್ನ ಕಾಲೇ ಏಳಲಿಲ್ಲ. ರೈಲು ಹೋದ ಮೇಲೆ, “ಹೋಗ್ಲಿ ಬಿಡಮ್ಮ, ಮುಂದಿನ ಸಲ ಹೋಗಣ” ಎಂದರು, ಅಷ್ಟೇ. ಅಂಥ ಅಪ್ಪನ ಮೇಲೆ ಈ ಸುಳ್ಳು ಹೊರಿಸಿದವಳು ನಾನು.

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳುವ ಮುಖ ನನಗಿಲ್ಲ.

ವರಲಕ್ಷ್ಮಿ


ಬೆಂಗಳೂರು
10 ನವೆಂಬರ್ 2024

ವರಲಕ್ಷ್ಮಿ,

ನವೆಂಬರಿನ ಸ್ಪರ್ಧೆಗೆ ನಾನು ಹೋಗಿಲ್ಲ. ಪೇಪರಿನಲ್ಲಿ ಬಂದದ್ದನ್ನು ನೀನು ನೋಡಿರಬಹುದು. ಅದರಲ್ಲಿ ಸಿಕ್ಕಿಬಿದ್ದಳು ಎಂದು ಬರೆದಿದ್ದಾರೆ. ಯಾರೂ ಹಿಡಿಯಲಿಲ್ಲ, ನಾನೇ ಹೇಳಿದೆ. ಆದರೆ ಅದನ್ನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುವುದಕ್ಕೂ ನಾಚಿಕೆ. ಹಾಗೇ ಇರಲಿ ಎಂದು ಬಿಟ್ಟೆ.

ಮೊದಲು ಮುರಳಿಮೋಹನ್‌ಗೆ ಹೇಳಿದೆ. ಎಲ್ಲರೂ ಮಾಡುವುದೇ ಇದು, ನೀನೊಬ್ಬಳೇ ಸತ್ಯವಂತೆ ಆಗುವುದಕ್ಕೆ ಹೋಗಬೇಡ ಎಂದರು. ಆಮೇಲೆ ಫೋನು ನನ್ನ ಕೈಗೆ ಕೊಟ್ಟು ಹೊರಟು ಹೋದರು. ಸ್ಪರ್ಧೆಯವರಿಗೆ ಬರೆದೆ. ನಿನ್ನ ಹೆಸರನ್ನೂ ಬರೆದೆ, ಆ ಸಾಲು ಹಾಡಿದವರು ಇವರು ಎಂದು. ಅದನ್ನು ನಿನ್ನನ್ನು ಕೇಳದೆ ಮಾಡಿದೆ, ಕ್ಷಮಿಸು. ಹನ್ನೊಂದು ದಿನಕ್ಕೆ ಉತ್ತರ ಬಂತು. ನನ್ನ ಸ್ಥಾನ ರದ್ದು, ಐದು ವರ್ಷ ಮತ್ತೆ ಬರುವ ಹಾಗಿಲ್ಲ. ಪದಕ ಅಂಚೆಯಲ್ಲಿ ಕಳಿಸಿದೆ. ಎರಡನೆಯ ಸ್ಥಾನ ಇಲ್ಜೆಗೆ ಹೋಗಿದೆ. ಅವಳಿಗೂ ಬರೆದೆ. ಉಸಿರು ಹಿಡಿಯುವುದರ ಬಗ್ಗೆ ನಾನು ಹೇಳಿಕೊಟ್ಟದ್ದನ್ನೆಲ್ಲ ಮರೆತುಬಿಡು ಎಂದು ಬರೆದೆ. ಉತ್ತರ ಬಂದಿಲ್ಲ. ಬರದಿದ್ದರೇ ಒಳ್ಳೆಯದು ಅನ್ನಿಸುತ್ತದೆ.

ಪೇಪರಿಗೆ ಬರುವ ಮೊದಲೇ ಅಪ್ಪನಿಗೆ ನಾನೇ ಹೇಳಬೇಕೆಂದು ತೊಂಡೇಬಾವಿಗೆ ಹೋದೆ. ಮಧ್ಯಾಹ್ನ ಊಟವಾದ ಮೇಲೆ ಹೇಳಿದೆ. ಅಮ್ಮ ಅತ್ತಳು. ಅಪ್ಪ ಅಳಲಿಲ್ಲ, ಬಯ್ಯಲೂ ಇಲ್ಲ. ಸಾಯಂಕಾಲದ ಹಾಲಿಗೆ ಇನ್ನೂ ಒಂದು ಗಂಟೆ ಇರುವಾಗಲೇ ಷರ್ಟು ಹಾಕಿಕೊಂಡು ಡೇರಿಗೆ ಹೊರಟರು. ಅಲ್ಲಿ ಊರಿನ ಜನವೆಲ್ಲ ಕ್ಯಾನು ಹಿಡಿದುಕೊಂಡು ಸಾಲಾಗಿ ಬರುತ್ತಾರೆ, ಎಲ್ಲರಿಗೂ ಮುಖ ಕೊಡಬೇಕು. ವಾಪಸ್ಸು ಬಂದು ಕೈಕಾಲು ತೊಳೆದು, ನನ್ನ ಕಡೆ ನೋಡದೆ, “ಆರೂವರೆ ಬಸ್ಸು ಇದೆಯಲ್ವಾ?” ಎಂದರು. ಬ್ಯಾಗು ಎತ್ತಿಕೊಂಡು ಬಂದೆ. ಆಮೇಲೆ ಅವರು ಫೋನು ಎತ್ತಿಲ್ಲ. ಅಮ್ಮನೇ ಎತ್ತುತ್ತಾಳೆ. ಡೇರಿಯಲ್ಲಿ ಈಗ ಹಾಡು ಹಾಕುವುದಿಲ್ಲವಂತೆ.

ಮುಂದಿನ ತಿಂಗಳು ಗಂಟಲಿಗೆ ಆಪರೇಷನ್. ಕೆಳಗಿನ ದನಿ ಉಳಿಯುತ್ತದೆ, ಮೇಲಿನದು ಹೇಳಲಾಗದು ಎಂದಿದ್ದಾರೆ.

ನೀನು ಬೈಯಲಿಲ್ಲ. ನಾನು ಬೈಸಿಕೊಳ್ಳಬೇಕು ಎಂದು ಕೇಳಿದರೆ ನಿನ್ನ ತಪ್ಪನ್ನು ತಂದು ನನ್ನ ತಪ್ಪಿನ ಪಕ್ಕದಲ್ಲಿಟ್ಟೆ.

ಹರಿತಾ


ಶಿಡ್ಲಘಟ್ಟ
1 ಡಿಸೆಂಬರ್ 2024

ಪ್ರೀತಿಯ ಹರಿತಾ,

ನಿನ್ನ ಕಾಗದ ಬರುವ ಮೊದಲೇ ಇಲ್ಲಿ ಸುದ್ದಿ ಬಂದಿತ್ತು. ನನ್ನ ಹೆಸರು ಪೇಪರಿನಲ್ಲಿ ತಪ್ಪಾಗಿ ವಿಜಯಲಕ್ಷ್ಮಿ ಎಂದು ಅಚ್ಚಾಗಿದೆ, ಬದುಕಿದೆ. ಆದರೂ ಹೇಗೋ ತಿಳಿದು ಚಿಂತಾಮಣಿಯಿಂದ ಇಬ್ಬರು ಬಂದಿದ್ದರು, ಹಾಡಿಸಿ ವಿಡಿಯೋ ಮಾಡುತ್ತೇವೆ ಎಂದು. ಮುರಳಿಮೋಹನ್ ಕೂಡ ಫೋನು ಮಾಡಿದ್ದರು. ಅವರಿಗೆ ಇಲ್ಲ ಎಂದೆ. ಚಿಂತಾಮಣಿಯವರಿಗೂ ಇಲ್ಲ ಎಂದೆ, ಆದರೆ ಆ ಎರಡನೆಯ ಇಲ್ಲ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆಗೆ ಹೇಳಿದೆ, ಅದು ನನ್ನ ದನಿಯೇ ಎಂದು. “ನಂಗ್ಗೊತ್ತಿತ್ತು ಬಿಡು” ಎಂದರು. ಅಪ್ಪನ ವಿಷಯವನ್ನೂ ಹೇಳಿದೆ, ಇವರ ಮುಂದೆಯೇ. ಅತ್ತೆ, ಹತ್ತು ವರ್ಷ ಬೀಗರ ಹತ್ತಿರ ಹಂಗೆ ಮಾತಾಡಿದೆನಲ್ಲ, ಈಗ ನಾನು ಏನು ಹೇಳಲಿ ಎಂದು ನನ್ನನ್ನೇ ಕೇಳಿದರು.

ಅದಕ್ಕೇ ಹೋದ ವಾರ ತೊಂಡೇಬಾವಿಗೆ ಹೋದೆ. ಅಪ್ಪನಿಗೆ ಹೇಳಿದೆ. ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ, ಬರೆಯಲಾರೆ.

ಬರೆಯಬೇಕೆಂದು ಕೂತದ್ದು ನಿಮ್ಮಪ್ಪನ ವಿಷಯ. ಸಾಯಂಕಾಲ ಹಾಲು ಅಳೆದು ಮುಗಿಯುವ ಹೊತ್ತಿಗೆ ಡೇರಿಗೆ ಹೋದೆ. ನನ್ನನ್ನು ನೋಡಿ ನಿಮ್ಮಪ್ಪನ ಮುಖ ಸಣ್ಣದಾಯಿತು. ಕುರ್ಚಿ ಒರೆಸಿ ಕೂರಿಸಿದರು. ನಿನ್ನ ಪರವಾಗಿ ತಪ್ಪಾಯಿತು ಎಂದರು. ಅಷ್ಟು ದೊಡ್ಡವರು ನನಗೆ ಕೈಮುಗಿದಾಗ ಏನು ಮಾಡಬೇಕೋ ತೋಚಲಿಲ್ಲ. ಹಾಗೆಲ್ಲ ಅನ್ನಬೇಡಿ ಎಂದೆ. ಲೆಕ್ಕದ ಪುಸ್ತಕ ಮುಚ್ಚಿ, ತೆರೆದು, ಮತ್ತೆ ಮುಚ್ಚಿದರು.

“ಒಂದ್ ಮಾತು ಕೇಳ್ತೀನಿ, ನಿಜ ಹೇಳಮ್ಮ. ಆ ಹಾಡಲ್ಲಿ ನಿಂದು ಎಷ್ಟು?”

ನಲವತ್ತು ಸೆಕೆಂಡು, ಆ ಮೇಲಿನ ಸಾಲು ಮಾತ್ರ ಎಂದೆ.

“ಮಿಕ್ಕಿದ್ದು?”

“ಮಿಕ್ಕಿದ್ದೆಲ್ಲ ಅವಳೇ ಹಾಡಿರೋದು. ಅಷ್ಟು ಜನರ ಮುಂದೆ, ಗಂಟಲಲ್ಲಿ ಗಂಟು ಇಟ್ಕೊಂಡು.”

ಅವರು ತಲೆಯಾಡಿಸಿದರು. ಕಾಫಿ ಕುಡಿದು ಹೋಗು, ಮನೆಯಲ್ಲಿ ಹರಿತಾಳ ಅಮ್ಮ ಇದ್ದಾಳೆ, ನಾನು ಬಾಗಿಲು ಹಾಕಿಕೊಂಡು ಬರುತ್ತೇನೆ ಎಂದರು. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ನಿನ್ನ ಹಾಡು ಶುರುವಾಯಿತು. ಸಣ್ಣಗೆ, ಬೀದಿಗೆ ಕೇಳಿಸದಷ್ಟು ಸಣ್ಣಗೆ ಇಟ್ಟುಕೊಂಡಿದ್ದರು. ಕಿಟಕಿಯಲ್ಲಿ ಕಂಡೆ. ಕ್ಯಾನುಗಳ ನಡುವೆ ನಿಂತು, ಫೋನನ್ನು ಕಿವಿಯ ಹತ್ತಿರ ಹಿಡಿದಿದ್ದರು. ನನ್ನ ಸಾಲು ಇನ್ನೇನು ಬರಬೇಕು, ಅಷ್ಟರಲ್ಲಿ ಬೆರಳಿನಿಂದ ನಿಲ್ಲಿಸಿದರು. ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿದರು.

ನಾನು ನಿಂತಿದ್ದಷ್ಟು ಹೊತ್ತು ನಾಲ್ಕು ಸಲ ಹಾಗೆ ಮಾಡಿದರು.

ಇಂತಿ
ವರಲಕ್ಷ್ಮಿ